ಹತ್ತು ಪಟ್ಟು ನಿಧಾನ

ಅಕ್ಕೋರು ಮಾತು ಕೇಳುವಾಗ ಬಲಗಿವಿಯ ಹಿಂದೆ ಅಂಗೈಯನ್ನು ಚಿಪ್ಪಿನ ಹಾಗೆ ಬಾಗಿಸಿ ಹಿಡಿಯುತ್ತಿದ್ದರು. ಎಡಗಿವಿ ಪೂರ್ತಿ ಹೋಗಿತ್ತು. ಹೊನ್ನಾವರದ ಶಾಲೆಯಲ್ಲಿ ನನಗೆ ವಿಜ್ಞಾನ ಕಲಿಸಿದವರು. ನಿವೃತ್ತರಾದ ಮೇಲೆ ನನ್ನ ಮದುವೆ ವಿಡಿಯೋ ಅಂಗಡಿಗೆ ಬಂದು ಕೂತು, ಯಾರ್ಯಾರೋ ಮಾಡಿದ ಸಂಶೋಧನೆಯನ್ನು ಊರ ಮಾತಿಗೆ ಇಳಿಸಿ ಜನರ ಮೊಬೈಲಿಗೆ ಕಳಿಸುತ್ತಿದ್ದರು. ಹಿನ್ನೆಲೆ ಸಂಗೀತ ಹಾಕಲು ಹೋದರೆ ಬೈಗುಳ. "ಹೆದರ್ಸೂಕೆ ಹೋಗಬೇಡ ತಮ್ಮಾ. ಹೆದರಿದವ ಓಡ್ತಾನೆ, ಕೇಳೂದಿಲ್ಲ." ಮಾತು ಮುಗಿದಾಗಲೆಲ್ಲ, ಕ್ಲಾಸಿನಲ್ಲಿ ಕೇಳುತ್ತಿದ್ದ ಅದೇ ಪ್ರಶ್ನೆ: "ಕೇಳ್ತದ್ಯಾ?" ಕಿವಿ ಕೇಳದವರೇ ಊರಿಗೆಲ್ಲ ಹೀಗೆ ಕೇಳುವುದು ನಮಗೆ ತಮಾಷೆಯಾಗಿತ್ತು.

ಜ್ವರ ಹಬ್ಬಿದ ವರ್ಷ, ಶರಾವತಿ ದಂಡೆಯ ಪಾಳು ಗೋದಾಮಿನ ಬಾವಲಿಗಳೇ ಅದಕ್ಕೆ ಕಾರಣವೆಂದು ಮೊಬೈಲಿನಲ್ಲಿ ಸಂದೇಶ ಹರಿದಾಡಿತು. ಗೋದಾಮಿಗೆ ಬೆಂಕಿ ಹಾಕುವ ಮಾತು ನಡೆಯಿತು. ಅಕ್ಕೋರಿಗೆ ಊಟ ಸೇರಲಿಲ್ಲ. "ಜ್ವರ ಸೊಳ್ಳೆಯದು. ಸೊಳ್ಳೆ ತಿನ್ನೂದನ್ನೇ ಸುಡೂಕೆ ಹೊರಟ್ರಲ್ಲ!" ಬಾವಲಿಗಳ ಅಧ್ಯಯನ ಮಾಡುವ ಹುಡುಗಿಯೊಬ್ಬಳಿಂದ ಯಂತ್ರ ತಂದು, ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, ತಾವೊಬ್ಬರೇ ಒಳಗೆ ಹೋಗಿ ಧ್ವನಿಮುದ್ರಿಸಿದರು. ಬಾವಲಿಯ ಕೂಗು ನಮ್ಮ ಕಿವಿಗೆ ಎಟುಕದಷ್ಟು ಕೀರಲು. ಹತ್ತು ಪಟ್ಟು ನಿಧಾನ ಮಾಡಿದರೆ ಕೇಳುತ್ತದೆ. ಅದನ್ನೇ ವಿಡಿಯೋಕ್ಕೆ ಹಾಕಿ ಬಿಟ್ಟೆವು. ನಡುವೆ ಒಂದೆಡೆ ಎಂತದೋ ಗೊಗ್ಗರು ಸದ್ದಿತ್ತು. ದೋಣಿಯ ಎಂಜಿನ್ ಇರಬೇಕೆಂದು ನಾನು ಕತ್ತರಿಸಿದೆ.

ಮರುದಿನ ಸಂಜೆ ಮೀನು ಮಾರುವ ಹೆಂಗಸೊಬ್ಬಳು ಮೊಬೈಲ್ ಹಿಡಿದು ಅಂಗಡಿ ಹತ್ತಿದಳು. ಕಡಲಿಗೆ ಹೋದ ಅವಳ ಮಗ ತಿರುಗಿ ಬಂದಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ.

"ಅಕ್ಕೋರೆ, ಇದು ನನ್ನ ಮಗ. ಆಯೀ ಅಂತ ಕರೀತಾನೆ, ಕೇಳಿ."

ಮತ್ತೆ ಹಾಕಿದೆ. ಅದುವರೆಗೆ ಬರೀ ಚಿಲಿಪಿಲಿಯಾಗಿದ್ದದ್ದು ಈಗ ಅಮ್ಮನನ್ನು ಕರೆಯುವ "ಆಯೀ... ಆಯೀ..." ಆಗಿತ್ತು. ಆಮೇಲೆ ಎಷ್ಟು ಸಲ ಕೇಳಿದರೂ ಬೇರೆ ಹಾಗೆ ಕೇಳಿಸಲೇ ಇಲ್ಲ. ಊರಿಗೂರೇ ಅದನ್ನು ಕೇಳಿತು. ಗೋದಾಮಿನ ಬಾಗಿಲಲ್ಲಿ ಹೂವು, ದೀಪ ಬಂದವು. ಬೆಂಕಿಯ ಮಾತನ್ನು ಯಾರೂ ಎತ್ತಲಿಲ್ಲ.

"ಬಾವಲಿ ಉಳಿದ್ವಲ್ಲ, ಸುಮ್ನಿರಿ ಅಕ್ಕೋರೆ," ಎಂದೆ.

"ಇವತ್ತು ಸತ್ತವ್ರು ಅಂತ ಬಿಟ್ರು. ನಾಳೆ ಪೀಡೆ ಅಂತ ಸುಡ್ತಾರೆ. ಮತ್ತೆ ಆ ತಾಯಿ? ದಿನಾ ಅಲ್ಲಿ ಹೋಗಿ ಕೂರ್ತಾಳಲ್ಲ ಮಾರಾಯ!"

ನಿಜ ಹೇಳುವ ಎರಡನೇ ವಿಡಿಯೋ ಮಾಡಿದರು. ಅದನ್ನು ನಾಯಿಯೂ ಮೂಸಲಿಲ್ಲ. ಕೊನೆಗೆ ಯಂತ್ರ ತಕ್ಕೊಂಡು, ಆ ಹೆಂಗಸಿನ ಕೈ ಹಿಡಿದು, ಮುಸ್ಸಂಜೆ ಗೋದಾಮಿಗೇ ನಡೆದರು. ನಾನೂ ಹೋದೆ. ತಲೆಯ ಮೇಲೆ ಬಾವಲಿಗಳು ಸದ್ದಿಲ್ಲದೆ ಹೊರಟವು. ಯಂತ್ರದಲ್ಲಿ ಮಾತ್ರ ನೂರಾರು ಗಂಟಲುಗಳು "ಆಯೀ" ಎನ್ನುತ್ತಿದ್ದವು. ಆಕೆ ಬಹಳ ಹೊತ್ತು ಕೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ನನ್ನವ ಒಬ್ಬನೇ ಇದ್ದ. ಇಷ್ಟೆಲ್ಲ ಅಲ್ಲ," ಎಂದಳು. ತಲೆಯೆತ್ತಿ ನೋಡಿ, "ಇವ್ಕೂ ಆಯಿ ಇರ್ತದ್ಯಾ ಅಕ್ಕೋರೆ?"

"ಇರ್ತದೆ. ದನಿ ಕೇಳೇ ತನ್ನ ಮರಿ ಹುಡುಕ್ತದೆ."

ಆಮೇಲೆ ಗೋದಾಮಿನ ಬಳಿ ಯಾರು ಸುಳಿದರೂ ಅಡ್ಡ ನಿಂತವಳು ಅವಳೇ.

ಹೋದ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು. ಅವರ ಫೈಲುಗಳನ್ನು ಜೋಡಿಸುವಾಗ ನಿಧಾನ ಮಾಡಿದ್ದ ಆ ಮೊದಲ ಧ್ವನಿಮುದ್ರಣ ಸಿಕ್ಕಿತು. ನಾನು ಕತ್ತರಿಸಿದ್ದ ಗೊಗ್ಗರು ಸದ್ದು ಅದರಲ್ಲಿ ಹಾಗೇ ಇತ್ತು. ಏನೋ ಅನ್ನಿಸಿ ಮೂಲ ವೇಗಕ್ಕೆ ತಂದೆ. ಬಾವಲಿಗಳೆಲ್ಲ ಕಿವಿಗೆ ಎಟುಕದೆ ಒಮ್ಮೆಲೇ ಸುಮ್ಮನಾದವು. ಗೋದಾಮಿನ ಕತ್ತಲೊಳಗಿಂದ, ನನ್ನ ಬೆನ್ನ ಹಿಂದೆಯೇ ನಿಂತಷ್ಟು ಹತ್ತಿರದಲ್ಲಿ, ಅಕ್ಕೋರದೇ ದನಿ ಬಂತು:

"ಕೇಳ್ತದ್ಯಾ ತಮ್ಮಾ?"

ಅಂಗಡಿಯಲ್ಲಿ ನಾನೊಬ್ಬನೇ ಇದ್ದೆ. ಆದರೂ ಅವರ ಬಲಗಿವಿಗೆ ಮುಟ್ಟುವಷ್ಟು ಗಟ್ಟಿಯಾಗಿ ಹೇಳಿದೆ: "ಕೇಳ್ತದೆ ಅಕ್ಕೋರೆ."