ಬ್ಯಾರನ್ನಿನಲ್ಲಿ ಕಣ್ಣು ಬಿಟ್ಟ ಗೂಬೆ

ನನ್ನ ಓರಗಿತ್ತಿ ಹೇಮಶ್ರೀಯ ಬಗ್ಗೆ ಹೇಳಿ ಎಂದು ಕೇಳುತ್ತೀರಲ್ಲ, ಹೇಳುತ್ತೇನೆ. ಆದರೆ ಮೊದಲೇ ತಿಳಿದಿರಲಿ, ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದರಲ್ಲಿ ಮುಚ್ಚಿಡುವುದೇನೂ ಇಲ್ಲ. ಕಂಪಲಾಪುರದ ನಮ್ಮ ಬೀದಿಯಲ್ಲಿ ನಲ್ಲಿಗೆ ಬರುವ ಯಾವ ಹೆಂಗಸನ್ನು ಕೇಳಿದರೂ ಬಿಂದಿಗೆ ತುಂಬುವುದರೊಳಗೆ ಪೂರ್ತಿ ಹೇಳುತ್ತಾಳೆ.

ನಾನು ಸುಂದ್ರಮ್ಮ, ಈ ಮನೆಯ ಹಿರಿಯ ಸೊಸೆ. ಅವಳು ಕಿರಿಯಳು, ಎನ್. ಬೇಗೂರಿನವಳು. ಅವಳಪ್ಪನದು ಕೇರಳದ ಬಸ್ಸು ನಿಲ್ಲುವ ಕಡೆ ಒಂದು ಟೀ ಅಂಗಡಿಯಂತೆ. ಮದುವೆಗೆ ಮುಂಚೆ ಎಚ್.ಡಿ. ಕೋಟೆಯ ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಕಾಲೇಜಿನವರಿಗೆ ಪಿಪಿಟಿ ಮಾಡಿಕೊಡುತ್ತಿದ್ದಳಂತೆ. ಪಿಪಿಟಿ ಅಂದರೆ ಗೋಡೆಯ ಮೇಲೆ ಒಂದಾದಮೇಲೊಂದು ಚಿತ್ರ, ಅಕ್ಷರ ಬರುತ್ತದಲ್ಲ, ಅದು. ನನ್ನ ಮೈದುನ ಗೌರೀಶ ಪಹಣಿ ಜೆರಾಕ್ಸ್ ಮಾಡಿಸಲು ಹೋದವನು ಅವಳನ್ನೇ ಕಟ್ಟಿಕೊಂಡು ಬಂದ. ಎಲ್ಲ ಕೆಲಸ ಎಡಗೈಯಲ್ಲೇ ಮಾಡುತ್ತಾಳೆ. ಬಾಯಿಗೆ ಬೆರಳಿಟ್ಟರೂ ಕಚ್ಚುವವಳಲ್ಲ. ಟೀಗೆ ಏಲಕ್ಕಿ ಜಜ್ಜಿ ಹಾಕುತ್ತಾಳೆ. ಬಂದ ವಾರಕ್ಕೇ ನಮ್ಮತ್ತೆ ಪುಟ್ಟಮಲ್ಲಮ್ಮ ಆ ಟೀ ಕುಡಿದು, "ಈಗ ಕಣವ್ವ ಟೀ ಕುಡ್ದಂಗಾಯ್ತು" ಅಂದರು. ಅಷ್ಟು ವರ್ಷ ನಾನು ಕೊಟ್ಟದ್ದೇನು, ಕಲಗಚ್ಚೇ? ಆ ಹುಡುಗಿಯ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ. ಇದಕ್ಕಿಂತ ಹೆಚ್ಚು ತಿಳಿದುಕೊಳ್ಳುವ ಮನಸ್ಸೂ ನನಗೆ ಇರಲಿಲ್ಲ.

ಟೀ ಹೋದರೆ ಹೋಗಲಿ ಎಂದು ಸುಮ್ಮನಿದ್ದೆ. ಆದರೆ ಅವಳು ಕೈ ಹಾಕಿದ್ದು ನನ್ನ ಮಾತಿಗೆ.

ನಮ್ಮ ಯಜಮಾನರು ಪ್ರಭುಸ್ವಾಮಿ. ಹೊಗೆಸೊಪ್ಪು, ಶುಂಠಿ ಬೆಳೆಯುತ್ತಾರೆ. ಅದು ಬಿಟ್ಟರೆ ಅವರಿಗೆ ಕ್ಯಾಮೆರಾ. ಹುಣಸೂರಿನಲ್ಲಿ ಸ್ಟುಡಿಯೋ ಇಟ್ಟಿರುವ ಶಿವನಂಜಪ್ಪನವರು ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಕಡೆಯ ಕ್ಯಾಮೆರಾ ಹುಚ್ಚಿನವರನ್ನೆಲ್ಲ ಸೇರಿಸಿ ಒಂದು ಕ್ಲಬ್ ಮಾಡಿದ್ದಾರೆ. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಅದರ ದೊಡ್ಡ ಪ್ರದರ್ಶನ ನಡೆಯುವುದು ನಮ್ಮ ಬ್ಯಾರನ್ನಿನಲ್ಲೇ. ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ನಿಗೆ ಕಿಟಕಿಯೇ ಇರುವುದಿಲ್ಲವಲ್ಲ, ಬಾಗಿಲು ಹಾಕಿದರೆ ಮಟಮಟ ಮಧ್ಯಾಹ್ನವೂ ಒಳಗೆ ಕಗ್ಗತ್ತಲು. ಹಂಗಾಮು ಮುಗಿದ ಮೇಲೆ ನೆಲದ ಮೇಲಿನ ಬಿಸಿಹೊಗೆಯ ಕೊಳವೆ ತೆಗೆದಿಟ್ಟು, ಒಂದು ಗೋಡೆಗೆ ಸುಣ್ಣ ಬಳಿದು, ಜಮಖಾನ ಹಾಸಿಬಿಟ್ಟರೆ ಟಾಕೀಸು ತಯಾರು. ಬಂದವರೆಲ್ಲ ಮನೆಗೆ ಹೋದ ಮೇಲೂ ಬಟ್ಟೆ ಮೂಸಿ ಮೂಸಿ ಹೊಗೆಸೊಪ್ಪಿನ ವಾಸನೆ ಎಂದು ಗೊಣಗುತ್ತಾರೆ, ಮುಂದಿನ ವರ್ಷ ತಪ್ಪದೆ ಬರುತ್ತಾರೆ.

ಮೊದಲನೇ ವರ್ಷ ಗೋಡೆಯ ಮೇಲೆ ನಮ್ಮವರು ತೆಗೆದ ಒಂದು ಚಿತ್ರ ಬಿತ್ತು. ಇದು ಎಲ್ಲಿ ತೆಗೆದದ್ದು ಪ್ರಭು, ಹೇಗೆ ಸಿಕ್ಕಿತು ಎಂದು ಶಿವನಂಜಪ್ಪನವರು ಕೇಳಿದರು. ನಮ್ಮವರು ಎದ್ದು ನಿಂತು ಕೆಮ್ಮಿದರು, ಪಂಚೆ ಸರಿಮಾಡಿಕೊಂಡರು, "ಕೆರೆ ತಾವ" ಎಂದು ಹೇಳಿ ಕೂತುಬಿಟ್ಟರು. ಅಯ್ಯೋ ಶಿವನೇ! ಆ ಕೆರೆಯ ಹತ್ತಿರ ಅವರ ಹಿಂದೆ ಬೈಕಿನಲ್ಲಿ ಕೂತು ಹೋಗಿ, ಬುತ್ತಿ ಹೊತ್ತು, ಸೊಳ್ಳೆ ಕಚ್ಚಿಸಿಕೊಂಡವಳು ನಾನು. ನನ್ನ ನಾಲಿಗೆ ನಿಲ್ಲಲಿಲ್ಲ. ಹಿಂದಿನಿಂದ ಎದ್ದು ಪೂರ್ತಿ ಕಥೆ ಹೇಳಿದೆ. ಜನ ಬಿದ್ದು ಬಿದ್ದು ನಕ್ಕರು. ಅಲ್ಲಿಂದಾಚೆ ಅದೇ ಪದ್ಧತಿಯಾಯಿತು. ಶಿವನಂಜಪ್ಪನವರು ಬಟನ್ ಒತ್ತುವುದು, ನಮ್ಮವರ ಚಿತ್ರ ಬೀಳುವುದು, ನಾನು ಹೇಳುವುದು. ನಾನು ಮುಗಿಸುವ ತನಕ ಮುಂದಿನ ಚಿತ್ರ ಬರುತ್ತಿರಲಿಲ್ಲ. ಕೆ.ಆರ್. ನಗರದಿಂದ ಬರುವವರು ಒಳಗೆ ಕಾಲಿಡುವಾಗಲೇ, "ಸುಂದ್ರಮ್ಮೋರು ಅವ್ರಾ?" ಎಂದು ಕೇಳುತ್ತಿದ್ದರು. ಬೇರೆ ದಿನವೆಲ್ಲ ನಾನು ಸೊಪ್ಪು ಕಟ್ಟುವವಳು, ಮುದ್ದೆ ತೊಳಸುವವಳು. ಆ ಒಂದು ಮಧ್ಯಾಹ್ನ ಮಾತ್ರ ಕತ್ತಲೆಯಲ್ಲಿ ಅಷ್ಟು ಜನ ನನ್ನ ಬಾಯಿಂದ ಬೀಳುವ ಮಾತಿಗೆ ಕಾದು ಕೂತಿರುತ್ತಿದ್ದರು.

ಹೋದ ವರ್ಷ ಹೇಮಶ್ರೀ ಬಂದಳು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. "ಭಾವ, ಈ ಸಲ ಪಿಪಿಟಿ ಮಾಡ್ಕೊಡ್ಲಾ?" ಅಂದಳು. ಭಾವ ಹೂಂ ಅಂದರು, ಅವರು ಯಾವುದಕ್ಕೆ ಹೂಂ ಅನ್ನಲಿಲ್ಲ! ಪ್ರತಿ ಚಿತ್ರ ಎಷ್ಟು ಹೊತ್ತು ನಿಲ್ಲಬೇಕು ಎಂದು ಮೊದಲೇ ಕಂಪ್ಯೂಟರಿಗೆ ಹೇಳಿಟ್ಟರೆ ಸಾಕಂತೆ, ಬಟನ್ ಒತ್ತುವುದೇ ಬೇಡ, ತಾನಾಗಿಯೇ ಓಡುತ್ತದಂತೆ. ಓಡಿತು. ಹಿಂದೆ ಕೊಳಲಿನ ಸಂಗೀತ. ಒಂದು ಚಿತ್ರ ಪುಟದ ಹಾಗೆ ಮಗುಚಿಕೊಂಡಿತು, ಇನ್ನೊಂದು ತಿರುಗುತ್ತ ಬಂತು, ಮತ್ತೊಂದು ಚೂರುಚೂರಾಗಿ ಉದುರಿತು. ನಾನು ಎಂದಿನಂತೆ ಎದ್ದು, "ಇದು ಕೆ.ಆರ್. ನಗರದ ನಾಲೆ ಮೇಲೆ..." ಎಂದು ಶುರು ಮಾಡುವುದರೊಳಗೆ ನಾಲೆ ಹೋಗಿ ನವಿಲು ಬಂತು. ನವಿಲಿಗೆ ಬಾಯಿ ತೆರೆದೆ, ನವಿಲು ಹೋಗಿ ಮಂಗ. ಯಾರೋ ಕತ್ತಲೆಯಲ್ಲಿ, "ಸುಂದ್ರಕ್ಕ, ಓಡಿ ಓಡಿ, ಬಸ್ಸು ಬುಟ್ಟೋಯ್ತು!" ಎಂದು ಕೂಗಿದರು. ಎಲ್ಲರೂ ನಕ್ಕರು. ಅಷ್ಟು ವರ್ಷ ನನ್ನ ಮಾತಿಗೆ ನಕ್ಕವರು ಅವತ್ತು ನನ್ನ ಮೇಲೆ ನಕ್ಕರು. ಕೊನೆಗೆ ಚಪ್ಪಾಳೆಯೋ ಚಪ್ಪಾಳೆ, ಹೇಮಶ್ರೀಗೆ. ನಾನು ಕಾಫಿ ಕಾಯಿಸುವ ನೆಪ ಹೇಳಿ ಹೊರಗೆ ಬಂದು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಫೋಟೋ ನನ್ನ ಗಂಡನದು, ಕಥೆ ನನ್ನದು, ಹೆಸರು ಅವಳಿಗೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ!

ಅವತ್ತಿನಿಂದ ಅವಳೊಂದಿಗೆ ಬೇಕಾದಷ್ಟೇ ಮಾತು. ಉಪ್ಪು ಕೊಡು, ಬಾಗಿಲು ಹಾಕು, ಅಷ್ಟೇ.

ಮಳೆಗಾಲದಲ್ಲಿ ಸೊಪ್ಪು ಮುರಿಯುವ ಕೆಲಸ ಶುರುವಾಯಿತು. ಹಸಿ ಎಲೆಗಳನ್ನು ದಾರದಲ್ಲಿ ಕಡ್ಡಿಗೆ ಕಟ್ಟುವುದು ಹೆಂಗಸರ ಕೆಲಸ. ಚಪ್ಪರದಡಿ ಕೂತರೆ ಬೆನ್ನು ಮುರಿಯುವ ತನಕ ಏಳುವ ಹಾಗಿಲ್ಲ. ಅವಳು ಬಂದು ಸರಿಯಾಗಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಎಡಗೈಯಲ್ಲಿ ಕಟ್ಟಿದರೂ ನನಗಿಂತ ಬೇಗ ಕಡ್ಡಿ ತುಂಬಿಸುತ್ತಿದ್ದಳು. ಅದೂ ಒಂದು ಉರಿ.

"ಅಕ್ಕಾ, ಭಾವ ತೆಗೆದ ಆ ಗೂಬೆ ಫೋಟೋ ಕಥೆ ಹೇಳಿ," ಅನ್ನುತ್ತಿದ್ದಳು.

ಅವಳೊಂದಿಗೆ ಮಾತು ಬೇಡ ಎಂದು ಎಷ್ಟು ಹಲ್ಲು ಕಚ್ಚಿದರೂ ಕಥೆ ಅಂದರೆ ನನಗೆ ತಡೆಯುವುದಿಲ್ಲ. ಸುತ್ತ ಕೂಲಿಗೆ ಬಂದ ಹೆಂಗಸರೂ ಇರುತ್ತಿದ್ದರು, "ಯೋಳಕ್ಕ, ಯೋಳು" ಎಂದು ಹುರಿದುಂಬಿಸುತ್ತಿದ್ದರು. ಹೇಳುತ್ತಿದ್ದೆ. ಮಾರನೇ ದಿನ ಮತ್ತೆ, "ಅಕ್ಕಾ, ಆ ಎಮ್ಮೆ ಮೇಲೆ ಬೆಳ್ಳಕ್ಕಿ ಕೂತಿತ್ತಲ್ಲ?" ಅದನ್ನೂ ಹೇಳುತ್ತಿದ್ದೆ. ಆದರೆ ನಾನು ಹೇಳುವಾಗ ಆ ಪುಣ್ಯಾತ್ಗಿತ್ತಿ ಮಡಿಲಿನ ಮೊಬೈಲನ್ನು ನೋಡುತ್ತ ಕೂರುತ್ತಿದ್ದಳು. ಶುರುವಿನಲ್ಲಿ ಒಮ್ಮೆ ಬೆರಳಾಡಿಸುವುದು, ಮುಗಿದಾಗ ಒಮ್ಮೆ. ಮೈಯೆಲ್ಲ ಉರಿದುಹೋಗುತ್ತಿತ್ತು. "ಮೊಬೈಲ್ ನೋಡೋಳಿಗೆ ಕತೆ ಯಾಕವ್ವಾ?" ಎಂದು ಅತ್ತೆಯ ಮುಂದೆಯೇ ಅಂದೆ. ಅವಳು ಕೆಂಪಗಾಗಿ ಮೊಬೈಲನ್ನು ಸೆರಗಿನಡಿ ಇಟ್ಟುಕೊಂಡಳು, ಮಾರನೇ ದಿನ ಮತ್ತೆ ಅದೇ ಗೂಬೆ ಕಥೆ ಕೇಳಿದಳು. ಎಂಥಾ ದಪ್ಪ ಚರ್ಮ ಅಂದುಕೊಂಡೆ.

ಈ ಬೇಸಿಗೆಯ ಪ್ರದರ್ಶನ ಹತ್ತಿರ ಬಂದಾಗ ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕಾ, ಈ ಸಲ ನೀವು ಮಾತಾಡ್ಬೇಕು," ಅಂದಳು.

"ಯಾಕೆ? ಹೋದ ಸಲ ನಗಿಸಿದ್ದು ಸಾಲ್ದಾ? ನಿನ್ ಮಿಸಿನ್ನೇ ಮಾತಾಡ್ಲಿ ಬುಡು!"

ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಮಿಕ್ಸಿ ಹಾಕಿದೆ. ಹೋಗಿಬಿಟ್ಟಳು.

ಪ್ರದರ್ಶನಕ್ಕೆ ಬರುವುದೇ ಇಲ್ಲ ಎಂದು ಹಟ ಹಿಡಿದೆ. ಅತ್ತೆ ಎಲೆಅಡಿಕೆ ಮಡಿಸುತ್ತ, "ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ?" ಅಂದರು. ಹಾಗೇ ಆಯಿತು. ಬಂದು ಕೂತೆ, ಬಾಗಿಲ ಪಕ್ಕ, ಗೋಡೆಗೊರಗಿ. ಬಾಯಿಗೆ ಬೀಗ.

ಬಾಗಿಲು ಹಾಕಿದರು. ಮೊದಲ ಚಿತ್ರ ಬಿತ್ತು. ನಾಲೆಯ ಮೇಲೆ ಎಮ್ಮೆ, ಎಮ್ಮೆಯ ಮೇಲೆ ಬೆಳ್ಳಕ್ಕಿ. ಸಂಗೀತವಿಲ್ಲ. ಚಿತ್ರ ನಿಂತೇ ಇತ್ತು. ಅಲುಗಾಟವಿಲ್ಲ. ಜನ ಸ್ವಲ್ಪ ಹೊತ್ತು ನೋಡಿದರು, ಕೆಮ್ಮಿದರು, ಮಗ್ಗುಲು ಬದಲಿಸಿದರು. ಹೋದ ವರ್ಷ ಬಸ್ಸು ಹೋಯಿತು ಎಂದಿದ್ದ ದನಿಯೇ, "ಏನ್ಲಾ, ಹ್ಯಾಂಗ್ ಆಗೋಯ್ತಾ?" ಅಂತು. ಕಂಪ್ಯೂಟರಿನ ಬೆಳಕಿನಲ್ಲಿ ಹೇಮಶ್ರೀಯ ಮುಖ ಕಾಣುತ್ತಿತ್ತು. ಅವಳು ಗೋಡೆ ನೋಡುತ್ತಿರಲಿಲ್ಲ, ನನ್ನ ಕಡೆ ತಿರುಗಿದ್ದಳು. ಸತ್ಯ ಹೇಳುತ್ತೇನೆ, ನನ್ನ ಹೊಟ್ಟೆ ತಣ್ಣಗಾಯಿತು. ಅನುಭವಿಸು, ಮಗಳೇ! ಆಮೇಲೆ ಎಷ್ಟೋ ಹೊತ್ತಿಗೆ ಆ ಬೆಳ್ಳಕ್ಕಿ ಎಮ್ಮೆಯ ಬೆನ್ನಿನಿಂದ ಎದ್ದು ಗೋಡೆಯ ಮೂಲೆಗೆ ಹಾರಿಹೋಯಿತು. ಹಕ್ಕಿಯನ್ನಷ್ಟೇ ಚಿತ್ರದಿಂದ ಕತ್ತರಿಸಿ ಹಾರುವ ಹಾಗೆ ಮಾಡಿದ್ದಳು. ಆದರೆ ಯಾಕೆ ಹಾರಿತು ಎಂದು ಯಾರಿಗೂ ತಿಳಿಯಲಿಲ್ಲ. ಒಬ್ಬರೂ ಕೈ ತಟ್ಟಲಿಲ್ಲ. ಶಿವನಂಜಪ್ಪನವರು, "ಸ್ವಲ್ಪ ಸ್ಪೀಡ್ ಮಾಡವ್ವಾ," ಅಂದರು.

ಎರಡನೆಯದು ಗೀಜುಗನ ಗೂಡು. ಅದೂ ಹಾಗೇ ನಿಂತಿತು. ನಾನು ಸುಮ್ಮನೆ ಕೂತಿದ್ದೆ. ಆದರೆ ಒಳಗಿನ ಬಾಯಿ ಸುಮ್ಮನಿರಬೇಕಲ್ಲ, ಅದು ಅಭ್ಯಾಸಬಲದಿಂದ ಮನಸ್ಸಿನಲ್ಲೇ ಕಥೆ ಶುರು ಮಾಡಿತ್ತು. ಗಂಡು ಗೀಜುಗ ಎಷ್ಟು ಕಷ್ಟಪಟ್ಟು ಗೂಡು ನೇಯ್ದಿತ್ತು, ಹೆಣ್ಣು ಹೇಗೆ ಬಂದು ಸುತ್ತಮುತ್ತ ನೋಡಿತು... "ಒಳಗೆ ಇಣುಕಿತು" ಎಂದು ನಾನು ಮನಸ್ಸಿನಲ್ಲಿ ಅಂದುಕೊಳ್ಳುವುದಕ್ಕೂ ಚಿತ್ರ ಮೆಲ್ಲಗೆ ದೊಡ್ಡದಾಗಿ ಗೂಡಿನ ಬಾಯಿಯ ಹತ್ತಿರಕ್ಕೆ ಹೋಗುವುದಕ್ಕೂ ಸರಿಹೋಯಿತು. "ಒಪ್ಪಲಿಲ್ಲ, ಹೊರಟೇ ಹೋಯಿತು" ಅಂದುಕೊಂಡೆ. ಹೆಣ್ಣು ಹಕ್ಕಿ ಹಾರಿಹೋಯಿತು.

ನನ್ನ ಬೆನ್ನು ಗೋಡೆಯಿಂದ ಮೇಲೆದ್ದಿತು.

ಬೆಳ್ಳಕ್ಕಿ ಹಾರಿದ್ದು ಎಲ್ಲಿ? ಎಮ್ಮೆ ಬಾಲ ಬೀಸಿತು ಎಂದು ನಾನು ಹೇಳುವ ಜಾಗದಲ್ಲಿ. ಚಪ್ಪರದಡಿಯ ಮೊಬೈಲು ನೆನಪಾಯಿತು. ಶುರುವಿನಲ್ಲಿ ಒಮ್ಮೆ ಬೆರಳು, ಮುಗಿದಾಗ ಒಮ್ಮೆ. ಅವಳು ನನ್ನ ಕಥೆಯನ್ನು ಹೊತ್ತು ಹಿಡಿದು ಅಳೆಯುತ್ತಿದ್ದಳು! ಈ ಚಿತ್ರಗಳು ಕೆಟ್ಟು ನಿಂತಿರಲಿಲ್ಲ. ನನಗಾಗಿ ನಿಂತಿದ್ದವು. ನಾನು ಬೀಗ ಹಾಕಿ ಕೂತ ಪ್ರತಿ ಗಳಿಗೆಯೂ ಅಷ್ಟು ಜನರ ಮುಂದೆ ಅವಳ ಮಾನ ಹೋಗುತ್ತಿತ್ತು, ಆದರೂ ಅವಳು ಬೇಗ ಓಡಿಸುವ ಬಟನ್ ಒತ್ತುತ್ತಿರಲಿಲ್ಲ.

ಮೂರನೆಯದು ಬಿತ್ತು. ಹುಣಸೆಮರದ ಪೊಟರೆಯಲ್ಲಿ ಗೂಬೆ, ಎರಡೂ ಕಣ್ಣು ಮುಚ್ಚಿಕೊಂಡು. "ಮುಂದಕ್ಕೋಗಮ್ಮ," ಎಂದು ಹಿಂದಿನಿಂದ ಯಾರೋ ಅಂದರು.

ನಾನು ಎದ್ದು ನಿಂತೆ.

"ಸುಮ್ಕಿರಿ ಅತ್ಲಾಗೆ! ಇದು ಹುಣಸೂರು ರಸ್ತೆ ಹುಣಸೆಮರ. ನಮ್ಮೋರು ಹೊತ್ತಾರೆಯಿಂದ ಕ್ಯಾಮೆರಾ ಹಿಡ್ಕಂಡು ನಿಂತವ್ರೆ. ಗೂಬೆ ಕಣ್ಣೇ ಬುಡಾಕಿಲ್ಲ. ನಾನು ಬುತ್ತಿ ತಕ್ಕೊಂಡೋದೆ. ಮಾತಾಡ್ಬೇಡ ಅಂತ ಕೈ ಸನ್ನೆ ಮಾಡುದ್ರು. ಆಯ್ತು, ಮಾತಾಡಾಕಿಲ್ಲ. ಮರದಡಿ ಕೂತೆ. ಗಾಳಿ ಬೀಸ್ತು. ಮೂಗಿಗೆ ಅದೇನೋ ಹೋಯ್ತು. ತಡ್ಕಂಡೆ, ತಡ್ಕಂಡೆ, ತಡ್ಕಂಡೆ... ಆ ಕ್ಷೀ!"

ಗೋಡೆಯ ಮೇಲೆ ಗೂಬೆ ಒಂದೇ ಒಂದು ಕಣ್ಣು ಬಿಟ್ಟಿತು.

ಬ್ಯಾರನ್ನಿನ ಸೂರು ಹಾರಿಹೋಗುವ ಹಾಗೆ ಜನ ನಕ್ಕರು. ಅತ್ತೆ ಎಲೆಅಡಿಕೆ ಉಗುಳಿಕೊಂಡು ನಕ್ಕರು. ನಮ್ಮ ಯಜಮಾನರೂ ಪಂಚೆಯಲ್ಲಿ ಕಣ್ಣೊರೆಸಿಕೊಂಡರು. ಗೂಬೆ ಒಂಟಿಕಣ್ಣಿನಲ್ಲಿ ನನ್ನನ್ನೇ ದುರುಗುಟ್ಟಿ ನೋಡುತ್ತ, ನಗು ನಿಲ್ಲುವ ತನಕ ಕಾಯಿತು. ನಗು ನಿಂತಿತು. "ಇವ್ಳ್ಯಾವ್ಳು ಮಾರಾಯ್ತಿ ಅಂತ ನೋಡ್ತು, ಮತ್ತೆ ಮುಚ್ಕತ್ತು," ಅಂದೆ. ಕಣ್ಣು ಮುಚ್ಚಿತು. ನಾನು ಉಸಿರು ತೆಗೆದುಕೊಂಡೆ, ಮುಂದಿನ ಚಿತ್ರ ಬಂತು.

ಕೊನೆಯ ತನಕ ಹಾಗೇ ನಡೆಯಿತು. ಆಮೇಲೆ ಮೊದಲ ಎರಡು ಚಿತ್ರಗಳನ್ನು ಮತ್ತೊಮ್ಮೆ ಹಾಕಿಸಿಕೊಂಡು ಅವುಗಳ ಕಥೆಯನ್ನೂ ಹೇಳಿಸಿದರು.

ಎಲ್ಲರೂ ಹೋದ ಮೇಲೆ ಹೇಮಶ್ರೀ ಹಿತ್ತಲಲ್ಲಿ ಕಾಫಿ ಲೋಟ ತೊಳೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಒರೆಸಲು ಶುರು ಮಾಡಿದೆ.

"ಅಲ್ಲಾ, ಕಣ್ಣು ಬುಟ್ಟ್ ಮೇಲೆ ಗೂಬೆ ಅಷ್ಟೊತ್ತು ಯಾಕ್ ನಿಂತ್ಕತ್ತು?" ಎಂದು ಕೇಳಿದೆ. "ನಾನು ಅಲ್ಲಿ ಏನೂ ಮಾತಾಡಾಕಿಲ್ವಲ್ಲ."

"ಅಲ್ಲಿ ಎಲ್ರೂ ನಗ್ತಾರಲ್ಲ ಅಕ್ಕ," ಅಂದಳು. "ಅದಕ್ಕೆ ಜಾಗ ಬಿಟ್ಟಿದ್ದೆ."

ಒಂದು ಇಡೀ ಹಂಗಾಮು ಇವಳು ನನ್ನ ಮಾತನ್ನು ಉಸಿರಿನ ಸಮೇತ ಕೇಳಿಸಿಕೊಂಡಿದ್ದಾಳೆ. ನನಗೋ ಇವಳಪ್ಪನ ಹೆಸರೂ ಗೊತ್ತಿಲ್ಲ. ಹೊಟ್ಟೆಕಿಚ್ಚು ಆರಿತು ಅಂದುಕೊಂಡಿರಾ? ಇನ್ನೂ ಹೆಚ್ಚಾಯಿತು. ಮೊದಲು ಅವಳ ಕೈಗುಣದ ಮೇಲಿತ್ತು, ಈಗ ಅವಳ ಮನಸ್ಸಿನ ಮೇಲೆ.

"ನಿಮ್ಮಪ್ಪನ ಟೀ ಅಂಗಡಿ ವಿಷ್ಯ ಏನಾರ ಯೋಳು," ಅಂದೆ.

ಅವಳ ಮುಖ ಅರಳಿತು. ಶುರು ಮಾಡಿದಳು. ಬಸ್ಸು ಬಂತಂತೆ, ಅಲ್ಲಲ್ಲ, ಅದಕ್ಕೆ ಮುಂಚೆ ಹಾಲು ಉಕ್ಕಿತಂತೆ, ಯಾರೋ ಇಳಿದರಂತೆ, ಯಾರೆಂದು ಮರೆತಳಂತೆ. ನಗು ಬರುವ ಜಾಗ ಬರುವುದಕ್ಕೆ ಮುಂಚೆಯೇ ತಾನೇ ನಕ್ಕುಬಿಟ್ಟಳು. ಶಿವಶಿವಾ, ಆ ಹುಡುಗಿಗೆ ಕಥೆ ಹೇಳಲು ಬರುವುದೇ ಇಲ್ಲ! ನಾನು ನಡುವೆ ಬಾಯಿ ಹಾಕದೆ, ಲೋಟ ಒರೆಸುತ್ತ, ಕೊನೆಯ ತನಕ ಕೇಳಿದೆ.

ಎದ್ದುಹೋಗುವಾಗ, "ನಾಳೆ ಇನ್ನೊಂದ್ಸಲ ಯೋಳು," ಅಂದೆ.