ಕಿವಿ ಮೇಸ್ತ್ರಿಯ ತೀರ್ಪು

ಮೀಟರ್ ಹಿಡಿದು ಕೆಲಸ ಮಾಡುವವರನ್ನು ಕಂಡರೆ ಕಿವಿ ಮೇಸ್ತ್ರಿಗೆ ಮರುಕ. ಇಪ್ಪತ್ತಾರು ವರ್ಷಗಳಿಂದ ಆತ ಏಸಿಗಳ ಕಾಯಿಲೆ ಕಂಡುಹಿಡಿಯುತ್ತಿದ್ದುದು ಒಂದು ಉದ್ದನೆಯ ಸ್ಕ್ರೂಡ್ರೈವರಿನಿಂದ: ತುದಿ ಕಂಪ್ರೆಸರಿನ ಮೇಲೆ, ಹಿಡಿ ಕಿವಿಗೆ, ಕಣ್ಣು ಮುಚ್ಚಿ ತಪಸ್ಸು. ಆಮೇಲೆ ತೀರ್ಪು. ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ಅಂದು ಏಸಿ ಕೆಟ್ಟಿದ್ದು ಸ್ವಂತ ಅಕ್ಕನ ಮನೆಯಲ್ಲಿ. ಒಳಗೆ, ಬೆನ್ನೆಲ್ಲ ಸುಟ್ಟುಕೊಂಡ ಭಾವ ಬ್ಯಾಂಡೇಜಿನೊಳಗೆ ಬೆವರುತ್ತ ಬೋರಲು ಮಲಗಿದ್ದರು. ಬ್ಯಾಂಡೇಜಿನೊಳಗೆ ಬೆವರು ಕಟ್ಟಿಕೊಂಡರೆ ಗಾಯ ಕೀವಾಗುತ್ತದೆ, ಮತ್ತೆ ಆಸ್ಪತ್ರೆಯೇ ಗತಿ ಎಂದು ಡಾಕ್ಟರು ಹೇಳಿ ಕಳಿಸಿ ನಾಲ್ಕು ದಿನವಾಗಿತ್ತಷ್ಟೆ. ಮಧ್ಯಾಹ್ನದ ಹೊತ್ತಿಗೆ ಕೋಣೆ ಕಾದ ಹಂಚಾಗಿತ್ತು.

ತಾರಸಿಯ ಮೇಲೆ ಮೇಸ್ತ್ರಿ ಕಿವಿ ಕೊಟ್ಟ. ಸದ್ದಿಲ್ಲ. ಕಂಪ್ರೆಸರಿಗೆ ಕರೆಂಟೇ ತಲುಪುತ್ತಿಲ್ಲ ಎಂದರೆ ಕಂಟ್ರೋಲ್ ಬೋರ್ಡ್ ಹೋಗಿರಬೇಕು. ಬಿಸಿಲಲ್ಲಿ ಅಂಗಡಿಗೆ ಓಡಿ ಹೊಸ ಬೋರ್ಡ್ ತಂದು ಕೂರಿಸಿದ. ಮತ್ತೆ ಕಿವಿ ಕೊಟ್ಟ. ಆಗಲೂ ಸದ್ದಿಲ್ಲ.

"ಅಕ್ಕಾ, ಕಂಪ್ರೆಸರ್ ಸತ್ತಿದೆ. ಹೊಸದು ಬರೋಕೆ ಮೂರು ದಿನ."

"ಮೂರು ದಿನ ಇವರು ಹೀಗೇ ಬೇಯಬೇಕಾ? ಸರಿಯಾಗಿ ನೋಡೋ, ನಿನ್ ಕಾಲಿಗೆ ಬೀಳ್ತೀನಿ!"

"ನನಗೇ ಹೇಳಿಕೊಡ್ತೀಯಾ? ಉಸಿರೇ ಇಲ್ಲ ಅದಕ್ಕೆ. ಬಾ, ನೀನೇ ಕೇಳು." ಮತ್ತೊಮ್ಮೆ ಕರೆಂಟ್ ಕೊಟ್ಟು ಸ್ಕ್ರೂಡ್ರೈವರ್ ಚಾಚಿದ.

ಅಕ್ಕ ಅದನ್ನು ಮುಟ್ಟಲೇ ಇಲ್ಲ. ಮೆಟ್ಟಿಲ ಬಾಗಿಲಲ್ಲೇ ನಿಂತು, "ಗುಂಯ್ ಅಂತಿದೆಯಲ್ಲೋ," ಎಂದಳು. "ಈಗ ನಿಂತೋಯ್ತು. ಬೆಳಗ್ಗೆಯಿಂದ ಹೀಗೇ ಆಗಾಗ ಗೊಣಗ್ತಿದೆ. ಕೆಳಗೆ ಮಲಗಿರೋರಿಗೂ ಕೇಳುತ್ತೆ, ನಿನಗೆ ಕೇಳಲ್ವಾ?"

ಮೇಸ್ತ್ರಿ ಸ್ಕ್ರೂಡ್ರೈವರ್ ಕೆಳಗಿಟ್ಟ. ಗುಂಯ್ ಎಂದು ಐದಾರು ಸೆಕೆಂಡು ಹೆಣಗಿ ನಿಲ್ಲುವ ಕಂಪ್ರೆಸರ್ ಸತ್ತಿರುವುದಿಲ್ಲ. ಸಾಮಾನ್ಯವಾಗಿ, ಅದಕ್ಕೆ ಎದ್ದು ನಿಲ್ಲಲು ಆಸರೆ ಕೊಡುವ ಕೆಪಾಸಿಟರ್ ಸೋತಿರುತ್ತದೆ. ಕೆಲಸ ಕಲಿಯಲು ಬಂದವರಿಗೆ ಅವನು ಮೊದಲ ದಿನವೇ ಹೇಳುತ್ತಿದ್ದ ಪಾಠ ಇದು. ಚೀಲ ಕೆದಕಿ, ಲೋಟದಷ್ಟು ದಪ್ಪನೆಯ ಹೊಸ ಕೆಪಾಸಿಟರ್ ಹಾಕಿದ. ಕರೆಂಟ್ ಕೊಟ್ಟು ಕಂಪ್ರೆಸರಿನ ಮೇಲೆ ಅಂಗೈ ಇಟ್ಟ. ನಡುಕ ಹತ್ತಿತು, ನಿಲ್ಲಲಿಲ್ಲ.

ಸ್ವಲ್ಪ ಹೊತ್ತಿಗೆ ಅಕ್ಕ ಮೇಲೆ ಬಂದು ಭುಜ ತಟ್ಟಿದಳು. "ಎಷ್ಟು ಸಲ ಕೂಗೋದು? ಕೋಣೆ ತಂಪಾಯ್ತು. ಅವರಿಗೆ ಕಣ್ಣು ಹತ್ತಿದೆ." ಆಮೇಲೆ ಪಕ್ಕದಲ್ಲಿ ಕೂತು ಕೇಳಿದಳು: "ಯಾವಾಗಿಂದ ಹೀಗೆ?"

"ಎರಡು ವರ್ಷ ಆಗಿರಬಹುದು. ಈಗಿನ ಕಂಪ್ರೆಸರ್‌ಗಳೇ ಸದ್ದಿಲ್ಲದೆ ಓಡ್ತವೆ ಅಂದ್ಕೊಂಡಿದ್ದೆ."

ಅಕ್ಕನಿಗೆ ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡಳು.

ಎರಡು ವರ್ಷದಲ್ಲಿ 'ಸತ್ತಿದೆ' ಎಂದು ತಾನು ಗುಜರಿಗೆ ಕಳಿಸಿದ ಕಂಪ್ರೆಸರ್‌ಗಳ ಲೆಕ್ಕ ಹಾಕಹೊರಟು ಮೇಸ್ತ್ರಿ ಹತ್ತಕ್ಕೇ ಕೈಬಿಟ್ಟ. ಒಬ್ಬ ದರ್ಜಿ, "ಇನ್ನೂ ಏನೋ ಸದ್ದು ಬರ್ತಿದೆಯಲ್ಲ ಸಾರ್," ಎಂದು ಹೆದರುತ್ತಲೇ ಹೇಳಿದ್ದ. "ಅದು ನಿಮ್ಮ ಹೊಲಿಗೆ ಮಿಷಿನ್ನಿಂದು ಕಣ್ರೀ," ಎಂದು ಅವನ ಬಾಯಿ ಮುಚ್ಚಿಸಿ, ಕಂಪ್ರೆಸರನ್ನು ತಾನೇ ಹೊತ್ತೊಯ್ದಿದ್ದ.