ಹೊಸ ಕಾರ್ಡಿನಲ್ಲಿ ಬೆಕ್ಕಿನ ಕೂದಲು

ಇದನ್ನೆಲ್ಲ ಈ ಕಾಲೇಜ್ ಗ್ರೂಪಿನಲ್ಲಿ ಬರೆಯುತ್ತಿರುವುದಕ್ಕೆ ಸಾರಿ ಫ್ರೆಂಡ್ಸ್. ಫ್ಯಾಮಿಲಿ ಗ್ರೂಪಿನಲ್ಲಿ ಬರೆಯುವ ಹಾಗಿಲ್ಲ.

ನಾನು ಹೊಸದಾಗಿ ಜೋಡಿಸಿದ ಕಂಪ್ಯೂಟರಿನಲ್ಲಿ ಗೇಮ್ ಬಿಡಿ, ಕಾಲೇಜಿನ ಡಿಸೈನ್ ಸಾಫ್ಟ್‌ವೇರ್ ತೆರೆದರೂ ಗ್ರಾಫಿಕ್ಸ್ ಡ್ರೈವರ್ ಕ್ರ್ಯಾಶ್ ಆಗಿ ಸ್ಕ್ರೀನ್ ಕಪ್ಪಾಗುತ್ತದೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ, ಹಳೆಯ ವರ್ಷನ್ ಕೂಡ ಹಾಕಿ ನೋಡಿದೆ. ಇಂದು ಸಂಜೆ ರೂಮ್‌ಮೇಟ್ ಶರತ್ ಕ್ಯಾಬಿನೆಟ್ ಬಿಚ್ಚಿ, ಗ್ರಾಫಿಕ್ಸ್ ಕಾರ್ಡಿನ ಫ್ಯಾನಿನಿಂದ ಉದ್ದದ ಕಂದು ಕೂದಲೊಂದನ್ನು ಎಳೆದ.

"ಇದು ಬೆಕ್ಕಿನದ್ದು ಮಾರಾಯ. ಹೊಸ ಕಾರ್ಡಿಗೆ ಬೆಕ್ಕು ಎಲ್ಲಿಂದ ಬಂತು?"

ಕಾರ್ಡನ್ನು ರಜೆಗೆ ಬರುವಾಗ ತಂದುಕೊಟ್ಟದ್ದು ದುಬೈಯ ಮಾಮ. ಬಾಕ್ಸ್ ಇರಲಿಲ್ಲ, ಟವೆಲಿನಲ್ಲಿ ಸುತ್ತಿದ್ದರು. ಲಗೇಜಿನ ತೂಕಕ್ಕೆ ಹೆದರಿ ಗಲ್ಫಿನವರೆಲ್ಲ ಬಜಪೆ ಏರ್‌ಪೋರ್ಟಿಗೆ ಹಾಗೆಯೇ ಬಂದಿಳಿಯುತ್ತಾರೆ, ಆದ್ದರಿಂದ ನನಗೆ ಏನೂ ಅನಿಸಿರಲಿಲ್ಲ. ಆದರೆ ಮಾಮನ ಮಗನ ಕಂದು ಬೆಕ್ಕಿನ ಫೋಟೋ ಫ್ಯಾಮಿಲಿ ಗ್ರೂಪಿನಲ್ಲಿ ದಿನಾ ಬರುತ್ತದೆ. ಅದು ಮಲಗುವುದೇ ಅವನ ಕಂಪ್ಯೂಟರಿನ ಮೇಲೆ.

ಮಾಮನಿಗೆ ಫೋನ್ ಮಾಡಿದೆ.

"ಮಾಮ, ಕಾರ್ಡ್ ಹೊಸದೇ ಅಲ್ವಾ?"

"ಹೊಸದೇ! ಎಂತ ಡೌಟ್ ನಿಂಗೆ?"

"ಎಂತ ಇಲ್ಲ. ಬೆಕ್ಕು ಹೇಗುಂಟು?"



"ಚೆನ್ನಾಗುಂಟು. ಅಮ್ಮನಿಗೆ ಫೋನ್ ಕೊಡು."

"ನಾನು ಹಾಸ್ಟೆಲಿನಲ್ಲಿದ್ದೇನೆ ಮಾಮ."

"ಹೌದಾ? ಹಾಗಾದ್ರೆ ಇಡ್ತೇನೆ."

ಇಟ್ಟೇಬಿಟ್ಟರು.

ಭಾನುವಾರ ಅಮ್ಮ ಮಾಮನನ್ನು ಮನೆಗೆ ಊಟಕ್ಕೆ ಕರೆದು, ಥ್ಯಾಂಕ್ಸ್ ಹೇಳಲೆಂದೇ ಕೋರಿ ರೊಟ್ಟಿ ಮಾಡುತ್ತಿದ್ದಾರೆ. ಎದುರು ಕುಳಿತು ನಾನೂ ನಗಬೇಕು. ತಪ್ಪು ಡ್ರೈವರಿನದ್ದೇ ಆಗಿದ್ದರೆ ಮಾಮನ ಮೇಲೆ ಅನುಮಾನಪಟ್ಟ ಪಾಪ ನನಗೆ, ಕಾರ್ಡಿನದ್ದಾದರೆ ಇಡೀ ಕುಟುಂಬದಲ್ಲಿ ನಿಜ ಹೇಳಿದ್ದು ಆ ಬೆಕ್ಕು ಮಾತ್ರ. ಯಾರ ಹತ್ತಿರವಾದರೂ ಸರಿಯಾಗಿ ಓಡುವ ಕಾರ್ಡ್ ಇದ್ದರೆ, ಹಾಕಿ ನೋಡಲು ಒಮ್ಮೆ ಕೊಡಿ. ದಯವಿಟ್ಟು ಬೇಗ ರಿಪ್ಲೈ ಮಾಡಿ.